ಘಟ್ಟದ ದಾರಿಯಲ್ಲಿ ಒಂದು ರಾತ್ರಿ

ಬೈಸಿಕಲ್ಲೆಂದರೆ ಕಚೇರಿಗೆ ಹೋಗುವವರ, ಕಾಲೇಜಿಗೆ ಹೋಗುವವರ, ಮನೆಮನೆಗೆ ಹಾಲು ಹಾಕುವವರ ವಾಹನವೆಂದು ನಮ್ಮ ಮೈಸೂರಿನವರು ಬಹುಕಾಲ ಎಣಿಸಿದ್ದರು. ಅದನ್ನೇರಿ ಒಂದು ರಾತ್ರಿ ಒಂದು ಹಗಲಿನಲ್ಲಿ ೪೦೦ ಕಿಲೋಮೀಟರು ಸುತ್ತಿ ಬರುವವರು ಉಂಟೆಂದರೆ, ಕೇಳಿದವರು ಮೊದಲು ನಗುತ್ತಾರೆ; ಆಮೇಲೆ, "ಏತಕ್ಕೆ?" ಎನ್ನುತ್ತಾರೆ. ನಗುವಿಗೆ ನಾನು ಉತ್ತರ ಕೊಡಲಾರೆ. ಆ ಪ್ರಶ್ನೆಗೆ ಮಾತ್ರ ನನ್ನ ಒಂದು ರಾತ್ರಿಯ ಅನುಭವದಿಂದ ಆದಷ್ಟು ಉತ್ತರ ಹೇಳಲು ಯತ್ನಿಸುತ್ತೇನೆ.

ಈ ಹವ್ಯಾಸ ನಮ್ಮಲ್ಲಿ ಹುಟ್ಟಿದ್ದಲ್ಲ. ೧೮೯೧ರಲ್ಲಿ ಪ್ಯಾರಿಸಿನ ಒಂದು ದಿನಪತ್ರಿಕೆಯವರು ಆ ನಗರದಿಂದ ಪಶ್ಚಿಮ ಸಮುದ್ರತೀರದ ಬ್ರೆಸ್ಟ್ ಪಟ್ಟಣದವರೆಗೆ ಹೋಗಿ ಹಿಂದಿರುಗುವ ಪಂದ್ಯವೊಂದನ್ನು ಏರ್ಪಡಿಸಿದರು. ಸುಮಾರು ೧೨೦೦ ಕಿಲೋಮೀಟರುಗಳ ಆ ದಾರಿಯನ್ನು ಷಾರ್ಲ್ ತೆರೋಂ ಎಂಬಾತನು ೭೨ ಗಂಟೆಗಳೊಳಗಾಗಿ ಮುಗಿಸಿ ಗೆದ್ದನು. ಕೆಲವು ವರ್ಷಗಳ ತರುವಾಯ, ೧೮೯೭ರಲ್ಲಿ, ಇಟಲಿಯ ಕೆಲವರು ಪಂದ್ಯದ ಗೊಡವೆಯಿಲ್ಲದೆ, ದೂರವನ್ನು ಕ್ರಮಿಸುವುದೇ ಗುರಿಯೆಂದು ಒಂದೇ ದಿನದಲ್ಲಿ ರೋಮಿನಿಂದ ನೇಪಲ್ಸಿಗೆ ಸವಾರಿಮಾಡಿದರು. ಇಂಥವರಿಗೆ 'ಔಡಾಕ್ಸ್' ಎಂಬ ಹೆಸರಾಯಿತು. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ಸಾಹಸಿ ಎಂದರ್ಥ. ೧೯೨೧ರಿಂದೀಚೆಗೆ ಫ್ರಾನ್ಸಿನಲ್ಲಿ ಪ್ರತಿಯೊಬ್ಬನೂ ತನ್ನ ತನ್ನ ವೇಗದಲ್ಲಿ ಹೋಗಬಹುದಾದ ಸವಾರಿಗಳು ರೂಢಿಗೆ ಬಂದವು. ಮುಗಿಸಿದವರಿಗೆ ಕೊಡುವ ಯೋಗ್ಯತಾಪತ್ರಕ್ಕೆ 'ಬ್ರೆವೆ' ಎಂದು ಹೆಸರು. ಈಗ ಸವಾರಿಯನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ.

ಇದರ ನಿಯಮಗಳು ಸರಳವಾದುವು. ೨೦೦ ಕಿಲೋಮೀಟರುಗಳಿಗೆ ಹದಿಮೂರೂವರೆ ಗಂಟೆ, ೩೦೦ಕ್ಕೆ ೨೦, ೪೦೦ಕ್ಕೆ ೨೭, ೬೦೦ಕ್ಕೆ ೪೦ ಗಂಟೆ, ೧೨೦೦ಕ್ಕೆ ೯೦. ಹಿಂದೆ ಕಾರಿನಲ್ಲಿ ಬಂಧುಗಳು ಊಟ ಹೊತ್ತು ಬರಕೂಡದು. ಪಂಕ್ಚರಾದರೆ ತಾನೇ ಸರಿಪಡಿಸಿಕೊಳ್ಳತಕ್ಕದ್ದು. ಆದರೆ ಸವಾರರು ಒಬ್ಬರಿಗೊಬ್ಬರು ನೆರವಾಗಬಹುದು. ರಾತ್ರಿಯಲ್ಲಿ ಮುಂದೆ ಹಿಂದೆ ದೀಪ, ಮೈಮೇಲೆ ಬೆಳಕಿಗೆ ಹೊಳೆಯುವ ಅಂಗಿ ಕಡ್ಡಾಯ. ಮೊದಲನೆಯವನು, ಎರಡನೆಯವನು ಎಂಬ ಬಹುಮಾನಗಳಿಲ್ಲ. ಹೊತ್ತಿನೊಳಗೆ ಬಂದವರೆಲ್ಲರೂ ಸಮಾನರು. ಹೊತ್ತು ಮೀರಿ ಬಂದವನು ಮಾತ್ರ ಬಾರದವನಿಗೆ ಸಮ.

ಕೆಲವು ವರ್ಷಗಳ ಹಿಂದೆ, ಡಿಸೆಂಬರಿನ ಒಂದು ಶನಿವಾರ, ಸಂಜೆ ೫ ಗಂಟೆಗೆ ಮೈಸೂರಿನಿಂದ ಹೀಗೆ ಹೊರಟೆವು. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರಗಳ ಮೇಲೆ ಮಡಿಕೇರಿಗೆ ಏರಿ, ಸಂಪಾಜೆಯ ಘಟ್ಟವನ್ನಿಳಿದು, ಸುಳ್ಯವನ್ನು ದಾಟಿ ಪುತ್ತೂರನ್ನು ಮುಟ್ಟಿ, ಅದೇ ದಾರಿಯಲ್ಲಿ ಮರುದಿನ ರಾತ್ರಿ ೮ ಗಂಟೆಯೊಳಗೆ ಮೈಸೂರಿಗೆ ಬಂದು ಸೇರಬೇಕು. ನನ್ನ ಜೊತೆಗೆ ನನ್ನ ಅಕ್ಕನ ಮಗ ಇದ್ದನು. ನನಗೆ ಐವತ್ತೆರಡು, ಅವನಿಗೆ ಇಪ್ಪತ್ತೇಳು. ಈ ಗೀಳನ್ನು ಅವನಿಗೆ ಹತ್ತಿಸಿದವನು ನಾನೇ ಆದುದರಿಂದ ಗುರುಸ್ಥಾನದ ಒಂದು ಬಿಗುಮಾನ ನನ್ನಲ್ಲಿತ್ತು. ಮಧ್ಯಾಹ್ನ ಎರಡು ಗಂಟೆ ಮಲಗಿಕೊಳ್ಳಿರೆಂದು ಅವನು ಹೇಳಿದ್ದನು. ಹಗಲು ನಿದ್ದೆ ಮುದುಕರಿಗೆ ಎಂದು ನಾನು ಆ ಮಾತನ್ನು ತಳ್ಳಿಹಾಕಿದ್ದೆ.

ಕುಶಾಲನಗರದವರೆಗೆ ೮೫ ಕಿಲೋಮೀಟರು ಮಾತಿನಲ್ಲಿಯೇ ಕಳೆಯಿತು. ಅಲ್ಲಿಂದ ಮುಂದೆ ಆನೆಕಾಡು. ಹೆಸರೇ ಎಚ್ಚರಿಕೆ ಹೇಳುವಂತಿದೆ. ಅಲ್ಲಿ ನಾವು ಐದಾರು ಜನ ಒಟ್ಟುಗೂಡಿ, ಮಾತು ನಿಲ್ಲಿಸಿ, ಬಿದಿರು ಮುರಿಯುವ ಸದ್ದಿಗೆ ಕಿವಿಗೊಟ್ಟು ಸಾಗಿದೆವು. ಆನೆ ಕಾಣಲಿಲ್ಲ, ಆದರೆ ರಸ್ತೆಯ ಮೇಲೆ ಹಸಿ ಲದ್ದಿಯನ್ನು ಕಂಡು ಎಲ್ಲರೂ ಹೆಚ್ಚು ಬಲವಾಗಿಯೇ ತುಳಿದೆವೆನ್ನಬಹುದು. ಸುಂಟಿಕೊಪ್ಪದ ಆಚೆ ಏರು ಬಲಿಯಿತು. ಏರಿನಲ್ಲಿ ರಾತ್ರಿ ಸವಾರನಿಗೆ ಸ್ನೇಹಿತನೇ ಸರಿ. ಮುಂದೆ ಎಷ್ಟು ದೂರ ಏರಬೇಕೆಂಬುದು ಕಾಣುವುದಿಲ್ಲ. ದೀಪ ತೋರಿಸುವ ಹತ್ತು ಮಾರನ್ನು ಏರಿದರೆ ಸಾಕು, ಆಮೇಲೆ ಇನ್ನು ಹತ್ತು ಮಾರು. ಹನ್ನೆರಡೂ ಕಾಲರ ಹೊತ್ತಿಗೆ ಮಡಿಕೇರಿಯನ್ನು ಸೇರಿದೆವು. ಚಳಿಯಲ್ಲಿ ಕಾಫಿಯ ಲೋಟವನ್ನು ಕುಡಿಯುವುದಕ್ಕಿಂತ ಹಿಡಿದುಕೊಳ್ಳುವುದೇ ಹಿತವಾಗಿತ್ತು.

ಏರು ಕಷ್ಟ, ಇಳಿತ ಸುಖ ಎಂಬುದು ಲೋಕದ ಅಭಿಪ್ರಾಯ. ರಾತ್ರಿಯ ಘಟ್ಟದಲ್ಲಿ ಇದು ತಲೆಕೆಳಗು. ಏರುವಾಗ ಮೈ ಬೆಚ್ಚಗಿರುತ್ತದೆ, ಮನಸ್ಸು ಎಚ್ಚರವಿರುತ್ತದೆ. ಇಳಿಯುವಾಗ ಕಾಲಿಗೆ ಕೆಲಸವಿಲ್ಲ; ತಣ್ಣನೆಯ ಗಾಳಿ ಬೆರಳುಗಳನ್ನು ಮರಗಟ್ಟಿಸುತ್ತದೆ; ಚಕ್ರದ ಒಂದೇ ಸಮನಾದ ಗುಂಯಿಗುಡುವಿಕೆ ಜೋಗುಳವಾಗುತ್ತದೆ. ಅಂದು ಮಂಜೂ ಕವಿದಿತ್ತು. ದೀಪದ ಬೆಳಕು ರಸ್ತೆಗೆ ಬೀಳದೆ ಬಿಳಿಯ ಗೋಡೆಯಾಗಿ ಕಣ್ಣಿಗೇ ಹಿಂದಿರುಗುತ್ತಿತ್ತು. ೨೦೧೮ರ ಆಗಸ್ಟಿನಲ್ಲಿ ಜೋಡುಪಾಲದ ಸುತ್ತಿನಲ್ಲಿ ಗುಡ್ಡ ಜರಿದು ಮನೆಗಳನ್ನೂ ಪ್ರಾಣಗಳನ್ನೂ ಕೊಂಡೊಯ್ದು, ಈ ಹೆದ್ದಾರಿಯನ್ನೇ ಮುಚ್ಚಿದ್ದ ಸಂಗತಿ ಕೇಳುಗರಿಗೆ ನೆನಪಿರಬಹುದು. ನಾವು ಇಳಿಯುತ್ತಿದ್ದುದು ಆ ಇಳಿಜಾರಿನಲ್ಲಿಯೇ.

ಮದೆನಾಡು ದಾಟಿದ್ದು ನನಗೆ ಜ್ಞಾಪಕವಿದೆ. ಅನಂತರದ ಜ್ಞಾಪಕವೆಂದರೆ, ಚಕ್ರದ ಕೆಳಗೆ ಜಲ್ಲಿಕಲ್ಲು ಕರಕರನೆ ಸದ್ದುಮಾಡಿದ್ದು, ಎಡಗಡೆ ಕಪ್ಪಗೆ ಬರಿದಾದ ಆಳ, ಹಿಂದಿನಿಂದ "ಮಾವ!" ಎಂಬ ಕೂಗು. ಬ್ರೇಕು ಹಿಡಿದೆ. ಬೈಸಿಕಲ್ಲು ನಿಂತಿತು. ನಾನು ಕಣ್ಣು ಮುಚ್ಚಿದ್ದು ಮೂರು ಕ್ಷಣವಿರಬಹುದು. ಗಂಟೆಗೆ ೩೦ ಕಿಲೋಮೀಟರು ವೇಗದಲ್ಲಿ ಮೂರು ಸೆಕೆಂಡಿಗೆ ೨೫ ಮೀಟರು ದೂರವಾಗುತ್ತದೆ. ಅಷ್ಟು ದೂರ ಆ ಬೈಸಿಕಲ್ಲಿನ ಮೇಲೆ ಸವಾರನೇ ಇರಲಿಲ್ಲ.

"ಮಾವ, ಇಳಿಯಿರಿ. ನಿಮಗೆ ನಿದ್ದೆ ಬಂದಿದೆ."

"ನಿದ್ದೆಯಲ್ಲಪ್ಪ, ಮಂಜು" ಎಂದೆ.

"ಮಂಜು ನನಗೂ ಇದೆ. ಅತ್ತೆಗೆ ನಾನು ಮಾತು ಕೊಟ್ಟು ಬಂದಿದ್ದೇನೆ."

ಇದಕ್ಕೆ ಉತ್ತರ ಹೇಳುವ ಧೈರ್ಯ ನನಗಾಗಲಿಲ್ಲ. ಮುಂದಿನ ತಿರುವಿನಾಚೆ ಬಸ್ಸು ನಿಲ್ಲುವ ಒಂದು ತಂಗುದಾಣವಿತ್ತು. ಅದರ ಕಲ್ಲುಬೆಂಚಿನ ಮೇಲೆ ಮಲಗಿ, ಕಾಲು ಗಂಟೆಗೆ ಎಬ್ಬಿಸೆಂದು ಹೇಳಿದೆ. ಆಗ ಒಂದೂ ಕಾಲು. ಕಣ್ಣು ಬಿಟ್ಟಾಗ ಮೂರು. ಅವನು ತನ್ನ ಮಳೆಯಂಗಿಯನ್ನು ನನ್ನ ಮೇಲೆ ಹೊದಿಸಿ, ಎದುರು ಕಂಬಕ್ಕೊರಗಿ ಕುಳಿತಿದ್ದನು. "ಎರಡು ಸಲ ಕರೆದೆ, ಏಳಲಿಲ್ಲ. ಹಾಗೆ ಏಳದವರನ್ನು ಘಟ್ಟ ಇಳಿಸುವುದು ಹೇಗೆ?" ಎಂದನು.

ಹದಿನೇಳು ಗಂಟೆಗಳ ಕಾಲ ಎಚ್ಚರವಿದ್ದವನ ಕೈಕಣ್ಣುಗಳ ಹೊಂದಿಕೆ, ರಕ್ತದಲ್ಲಿ ಶೇಕಡ ೦.೦೫ರಷ್ಟು ಮದ್ಯಸಾರವಿರುವವನ ಸ್ಥಿತಿಗೆ ಇಳಿಯುತ್ತದೆಂದು ೧೯೯೭ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಿಂದ ಗೊತ್ತಾಗಿದೆ. ನಾನು ಎದ್ದು ಇಪ್ಪತ್ತು ಗಂಟೆಗಳಾಗಿದ್ದುವು. ಇಂಥವನಿಗೆ ತನ್ನ ಸ್ಥಿತಿಯೂ ತಿಳಿಯುವುದಿಲ್ಲವೆಂಬುದೇ ಇದರಲ್ಲಿನ ದೊಡ್ಡ ಅಪಾಯ. ನಿದ್ದೆಯಲ್ಲ ಮಂಜು ಎಂದು ನಾನು ಸುಳ್ಳು ಹೇಳಲಿಲ್ಲ, ಹಾಗೆಂದೇ ನಂಬಿದ್ದೆ.

ಪುತ್ತೂರನ್ನು ಬೆಳಗಾಗುವ ಹೊತ್ತಿಗೆ ಮುಟ್ಟಿದೆವು. ಹಿಂದಿರುಗುವಾಗ ಹಗಲ ಬಿಸಿಲಿನಲ್ಲಿ ಅದೇ ಘಟ್ಟವನ್ನೇರಿ, ಜಲ್ಲಿಯ ಮೇಲೆ ನನ್ನ ಚಕ್ರದ ಗುರುತನ್ನು ಹುಡುಕಿದೆ. ಅಂಚಿಗೆ ಒಂದು ಮೊಳವೂ ಉಳಿದಿರಲಿಲ್ಲ. ನನ್ನ ಮೊಣಕಾಲು ನೋಯುತ್ತಿತ್ತು. ನೀನು ಮುಂದೆ ಹೋಗು, ನಿನಗಾದರೂ ಯೋಗ್ಯತಾಪತ್ರ ಸಿಕ್ಕಲಿ ಎಂದು ಹುಣಸೂರಿನಲ್ಲಿ ಅವನಿಗೆ ಹೇಳಿದೆ. ಅವನು ಕೇಳಿಸದವನಂತೆ ಪಕ್ಕದಲ್ಲಿಯೇ ಬಂದನು. ಮೈಸೂರನ್ನು ಸೇರಿದಾಗ ೮ ಗಂಟೆ ೨೫ ನಿಮಿಷ. ನಿಯಮದಂತೆ ನಾವಿಬ್ಬರೂ ಬಾರದವರು. ಅದರಲ್ಲಿ ಅನ್ಯಾಯವೇನೂ ಇಲ್ಲ. ಗಡಿಯಾರಕ್ಕೆ ಬಾಂಧವ್ಯ ತಿಳಿದಿದ್ದರೆ ಅದು ಗಡಿಯಾರವಾಗುತ್ತಿರಲಿಲ್ಲ.

ಏತಕ್ಕೆ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟೆ. ಹಗಲಿನಲ್ಲಿ, ಊರಿನಲ್ಲಿ, ನನ್ನ ಶಕ್ತಿಯ ವಿಷಯವಾಗಿ ನಾನು ಹೇಳಿಕೊಂಡಿದ್ದನ್ನು ಯಾರೂ ಪರೀಕ್ಷಿಸುತ್ತಿರಲಿಲ್ಲ. ಆ ರಾತ್ರಿ ಘಟ್ಟ ಪರೀಕ್ಷಿಸಿತು. ತುಳಿಯುವ ಬಲ ನನ್ನಲ್ಲಿತ್ತು. ಇಳಿದು ನಿಲ್ಲುವ ಬಲವಿರಲಿಲ್ಲ. ಅದು ನಾನು ಶಿಷ್ಯನೆಂದು ತಿಳಿದಿದ್ದವನಲ್ಲಿ ಇತ್ತು.

ಮರುವರ್ಷ ಅವನು ಒಬ್ಬನೇ ಅದೇ ದಾರಿಯಲ್ಲಿ ಹೋಗಿ ೨೪ ಗಂಟೆಗಳಲ್ಲಿ ಮುಗಿಸಿ ಬಂದನು. ಅಂದು ರಾತ್ರಿ ನಾನು ಮನೆಯಲ್ಲಿ ಮಲಗಿದ್ದರೂ ಒಂದು ಗಂಟೆಯ ಸುಮಾರಿಗೆ ಎಚ್ಚರವಾಗಿ, ಮತ್ತೆ ನಿದ್ದೆ ಹತ್ತಲಿಲ್ಲ. ಬಂದವನನ್ನು ಮೊದಲು ಕೇಳಿದ್ದು ಹೊತ್ತಿನ ಮಾತನ್ನಲ್ಲ.

"ಆ ಬೆಂಚಿನ ಮೇಲೆ ಹತ್ತು ನಿಮಿಷ ಮಲಗಿ ಹೊರಟೆ, ಮಾವ" ಎಂದನು.