ತೆಯ್ಯದ ವೇಷದಲ್ಲಿ ಒಥೆಲೊ



ಷೇಕ್ಸ್‌ಪಿಯರ್ ಮಹಾಕವಿಯ ‘ಒಥೆಲೊ’ ಎಂಬ ರುದ್ರನಾಟಕವು ನಮಗೆ ಅಪರಿಚಿತವಾದುದಲ್ಲ. ಬಸವಪ್ಪ ಶಾಸ್ತ್ರಿಗಳ ‘ಶೂರಸೇನ ಚರಿತೆ’ಯ ಮೂಲಕ ಆ ಕಥೆಯು ಬಹು ಹಿಂದೆಯೇ ಕನ್ನಡದ ಉಡುಪನ್ನು ತೊಟ್ಟಿತು. ಇದನ್ನು ಪಾಠಹೇಳುವಾಗಲೆಲ್ಲ ನನ್ನ ವಿದ್ಯಾರ್ಥಿಗಳು ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ: ಅಷ್ಟು ದೊಡ್ಡ ಸೇನಾಪತಿಯು ಒಂದು ಕರವಸ್ತ್ರದ ಮಾತನ್ನು ನಂಬಿ ಹೆಂಡತಿಯನ್ನು ಕೊಂದನೇ? ಇಯಾಗೋನ ಕಪಟಚಾತುರ್ಯವನ್ನೇ ನಾನು ಬಹುಕಾಲ ಉತ್ತರವಾಗಿ ಕೊಡುತ್ತಿದ್ದೆನು. ಅದು ಸಾಲದೆಂದು ನನಗೆ ಮನದಟ್ಟಾದದ್ದು ಯಾವ ವಿಮರ್ಶಾಗ್ರಂಥದಿಂದಲೂ ಅಲ್ಲ, ಒಂದು ಮಲಯಾಳ ಚಲಚ್ಚಿತ್ರದಿಂದ.

ಒಥೆಲೊ ವೆನಿಸ್ ನಗರಕ್ಕೆ ಪರಕೀಯನು. ಯುದ್ಧಕ್ಕೆ ಅವನು ಬೇಕು, ಅಳಿಯನಾಗಿ ಬೇಡ. ಆ ಪರಕೀಯತೆಯನ್ನು ತೆರೆಯ ಮೇಲೆ ತೋರಿಸುವುದು ಹೇಗೆ? 1965ರ ಆಂಗ್ಲ ಚಿತ್ರದಲ್ಲಿ ಲಾರೆನ್ಸ್ ಒಲಿವಿಯರ್ ತನ್ನ ಮೈಗೆ ಕಪ್ಪು ಬಳಿದುಕೊಂಡನು. ನಟನ ಪ್ರತಿಭೆಯ ವಿಷಯದಲ್ಲಿ ಎರಡು ಮಾತಿಲ್ಲ. ಆದರೂ ಇನ್ನೊಬ್ಬರ ಚರ್ಮವನ್ನು ಬಣ್ಣದ ಡಬ್ಬಿಯಿಂದ ತೆಗೆದಂತೆ ನನಗೆ ತೋರಿತು. 1995ರಲ್ಲಿ ಆಲಿವರ್ ಪಾರ್ಕರನ ಚಿತ್ರವು ಆಫ್ರಿಕಾ ಮೂಲದ ಅಮೆರಿಕನ್ ನಟ ಲಾರೆನ್ಸ್ ಫಿಶ್‌ಬರ್ನನಿಗೆ ಆ ಪಾತ್ರವನ್ನು ಕೊಟ್ಟಿತು.

ಭಾರತಕ್ಕೆ ಬಂದಾಗ ಬಣ್ಣದ ಜಾಗದಲ್ಲಿ ಜಾತಿಯು ನಿಲ್ಲುತ್ತದೆ. ವಿಶಾಲ್ ಭಾರದ್ವಾಜರು 2006ರಲ್ಲಿ ತೆಗೆದ ಹಿಂದಿ ‘ಓಂಕಾರ’ದ ನಾಯಕನು ಬ್ರಾಹ್ಮಣ ತಂದೆಗೂ ಕೀಳೆನಿಸಿಕೊಂಡ ಜಾತಿಯ ತಾಯಿಗೂ ಹುಟ್ಟಿದವನು. ಕರವಸ್ತ್ರವು ಅಲ್ಲಿ ಸೊಂಟದ ಆಭರಣವಾಗಿದೆ. ಚಿತ್ರವೇನೋ ಬಿರುಸಾಗಿದೆ. ಆದರೆ ಉತ್ತರಪ್ರದೇಶದ ಚುನಾವಣೆ, ಬಂದೂಕುಗಳ ಗದ್ದಲದಲ್ಲಿ ಜನ್ಮದ ಪ್ರಶ್ನೆಯು ಒಂದೆರಡು ಮೂದಲಿಕೆಗಳಾಗಿ ಹಿಂದೆ ಸರಿಯುತ್ತದೆ.

ನಾನು ಹೇಳಿದ ಮಲಯಾಳ ಚಿತ್ರವು ಜಯರಾಜರ ‘ಕಳಿಯಾಟ್ಟಂ’, 1997ರದು. ಅದರ ನಾಯಕ ಕಣ್ಣನ್ ಪೆರುಮಲಯನ್ ಉತ್ತರ ಮಲಬಾರಿನ ತೆಯ್ಯಕಾರ. ತೆಯ್ಯವನ್ನು ಕಟ್ಟುವವರು ಸಮಾಜವು ದೂರವಿಟ್ಟಿದ್ದ ಜಾತಿಗಳವರು. ಮುಡಿಯೇರಿದ ಮೇಲೆ ಮೇಲ್ಜಾತಿಯ ಜಮೀನುದಾರರೂ ಅವರೆದುರು ಕೈಮುಗಿದು ತಮ್ಮ ಸಂಕಟವನ್ನು ಹೇಳಿಕೊಳ್ಳುವರು. ನಮ್ಮ ತುಳುನಾಡಿನ ಭೂತಕೋಲದಲ್ಲಿ ಪಂಬದ, ಪರವ, ನಲಿಕೆಯವರಿಗೆ ಸಲ್ಲುವ ಮರ್ಯಾದೆಯೂ ಇಂತಹುದೇ. ವೇಷ ಕಳಚಿತೆಂದರೆ ದೈವವು ಹೋಯಿತು, ಹಳೆಯ ದೂರವು ಮರಳಿ ಬಂದಿತು.

ಇಂತಹವನನ್ನು ಊರಿನ ಯಜಮಾನನ ಮಗಳು ತಾಮರ ಒಲಿದು ಮದುವೆಯಾಗುತ್ತಾಳೆ. ಅವನ ಮುಖದಲ್ಲಿ ಸಿಡುಬಿನ ಕಲೆಗಳಿವೆ. ಊರೆಲ್ಲ ಪೂಜಿಸಿದ್ದು ಬಣ್ಣದ ಮುಖವನ್ನು. ಈ ಬರಿಯ ಮುಖವನ್ನು ಒಬ್ಬಳು ಪ್ರೀತಿಸುವಳೆಂದು ಅವನು ಯಾವ ಅನುಭವದ ಬಲದಿಂದ ನಂಬಬೇಕು? ಕೋಮಾಳಿಯ ವೇಷ ಹಾಕುವ ಪಣಿಯನ್, ತನಗೆ ದೊರೆಯದ ತೀಚಾಮುಂಡಿಯ ಪಾತ್ರಕ್ಕಾಗಿ ಕುದಿಯುತ್ತ, ಕೈಯಿಟ್ಟದ್ದು ಸರಿಯಾಗಿ ಈ ಗಾಯದ ಮೇಲೆ. ಸಂಶಯವನ್ನು ಅವನು ಹೊಸದಾಗಿ ಬಿತ್ತಬೇಕಾಗಿರಲಿಲ್ಲ. ಊರು ಅದನ್ನು ಮೊದಲೇ ಬಿತ್ತಿತ್ತು. ವಿದ್ಯಾರ್ಥಿಗಳಿಗೆ ನಾನೀಗ ಈ ಉತ್ತರವನ್ನೇ ಕೊಡುತ್ತೇನೆ.

ಈ ಚಿತ್ರದಲ್ಲಿ ಕೊರತೆಯಿಲ್ಲವೆಂದಲ್ಲ. ಕೆಂಪು ಬಣ್ಣಕ್ಕೂ ಪಂಜಿನ ಬೆಳಕಿಗೂ ಕ್ಯಾಮೆರಾ ಕೆಲವೊಮ್ಮೆ ಮರುಳಾಗುತ್ತದೆ. ತಾಮರಳ ಮನಸ್ಸಂತೂ ನಮಗೆ ಹೆಚ್ಚು ತೆರೆಯುವುದಿಲ್ಲ. ಹೆಂಗಸರ ವಿಷಯದಲ್ಲಿ ‘ಓಂಕಾರ’ವೇ ಮುಂದು. ಮೂಲದ ಎಮಿಲಿಯಾ ಗಂಡನ ಗುಟ್ಟನ್ನು ಹೊರಗೆಡಹಿ ಅವನ ಕತ್ತಿಗೆ ಬಲಿಯಾಗುವಳು. ಹಿಂದಿಯ ಇಂದು ತಾನೇ ಗಂಡನನ್ನು ಕೊಲ್ಲುವಳು. ಆಭರಣವನ್ನು ಕದ್ದವಳು ತಾನೆಂಬ ಉರಿಯೂ ಆ ಏಟಿನಲ್ಲಿದೆ.

ಆದರೂ ಮನಸ್ಸು ಪೆರುಮಲಯನಲ್ಲಿಗೇ ಹಿಂತಿರುಗುತ್ತದೆ. ಷೇಕ್ಸ್‌ಪಿಯರನ ಒಥೆಲೊ ಸಾಯುವ ಮುನ್ನ ರಾಜ್ಯಕ್ಕೆ ತಾನು ಮಾಡಿದ ಸೇವೆಯನ್ನು ನೆನಪಿಸುತ್ತಾನೆ. ಪೆರುಮಲಯನಿಗೆ ನೆನಪಿಸಲು ರಾಜ್ಯವಿಲ್ಲ; ವೇಷವೊಂದೇ ಇದೆ. ತೀಚಾಮುಂಡಿಯ ಪಾತ್ರವನ್ನು, ತಾನು ಅನ್ಯಾಯವಾಗಿ ಶಂಕಿಸಿದ ಕಾಂತನ್‌ಗೆ ಒಪ್ಪಿಸಿ, ತೆಯ್ಯದ ಬೆಂಕಿಗೆ ತಾನು ಹಾರುತ್ತಾನೆ.