ಸಲಮಾಂಕಕ್ಕೆ ಹೊರಡುವ ಮುನ್ನ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾಡುನುಡಿಯ ಹಿರಿಮೆಯನ್ನು ಕೊಂಡಾಡಲು ನಮಗಿಂತ ಬಲ್ಲವರು ಈ ವೇದಿಕೆಯ ಮೇಲೆಯೇ ಇದ್ದಾರೆ. ನಾವು ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು. ಆದುದರಿಂದ ಸದ್ಯ ನಮ್ಮ ಮನೆಯನ್ನೆಲ್ಲ ತುಂಬಿಕೊಂಡಿರುವ ಒಂದು ಸಂಗತಿಯನ್ನೇ ತಮ್ಮ ಮುಂದಿಡುತ್ತೇವೆ. ತ್ರಿಪ್ಪುಣಿತ್ತುರದಲ್ಲಿಯೇ ಹುಟ್ಟಿ ಬೆಳೆದ ನಮ್ಮ ಅಕ್ಕನ ಮಗಳು ಬರುವ ಜನವರಿಯ ಕೊನೆಗೆ ಸ್ಪೇನ್ ದೇಶದ ಸಲಮಾಂಕ ಪಟ್ಟಣಕ್ಕೆ ಒಂದು ಸೆಮಿಸ್ಟರಿನ ಓದಿಗಾಗಿ ಹೊರಡುವವಳಿದ್ದಾಳೆ. ಐದು ತಿಂಗಳ ಮಾತು. ಹಿಂದೆ ವಿಲಾಯಿತಿಗೆ ಹೋದವರು ವರ್ಷಗಟ್ಟಲೆ ಮುಖ ತೋರಿಸುತ್ತಿರಲಿಲ್ಲ, ಐದು ತಿಂಗಳು ಯಾವ ಲೆಕ್ಕ ಎಂದು ನಾವು ಹೇಳುತ್ತೇವೆ. ಅವಳ ಅಜ್ಜಿ, ಎಂದರೆ ನಮ್ಮ ತಾಯಿ, ಒಪ್ಪುವುದಿಲ್ಲ.

ಹಣದ ಮಾತನ್ನು ಬೇಗ ಮುಗಿಸಿಬಿಡುತ್ತೇವೆ, ಏಕೆಂದರೆ ಸಭೆ ಮುಗಿದ ಮೇಲೆ ಎಲ್ಲರೂ ನಮ್ಮನ್ನು ಕೇಳುವುದು ಅದನ್ನೇ. ವಿದ್ಯಾರ್ಥಿಯ ಕೈಯಲ್ಲಿ ತಿಂಗಳಿಗೆ 600 ಯೂರೊ ಇದೆಯೆಂದು ಸ್ಪೇನ್ ಸರ್ಕಾರಕ್ಕೆ ತೋರಿಸಬೇಕೆಂಬುದು 2025ರ ಲೆಕ್ಕ. ಆ ವರ್ಷ ಯೂರೊ ನೂರು ರೂಪಾಯಿ ದಾಟಿದ್ದರಿಂದ ಐದು ತಿಂಗಳಿಗೆ ಮೂರು ಲಕ್ಷಕ್ಕೆ ಮೇಲಾಯಿತು. ವಿಮಾನದ ಚೀಟಿ, ಆರೋಗ್ಯ ವಿಮೆ ಬೇರೆ. ಹೊರದೇಶಕ್ಕೆ ಕಳುಹಿಸುವ ಹಣ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರದಿದ್ದರೆ ಮೂಲದಲ್ಲೇ ತೆರಿಗೆ ಹಿಡಿಯಬೇಕಾಗಿಲ್ಲವೆಂಬುದು 2025ರ ಏಪ್ರಿಲ್‌ನಿಂದ ಬಂದ ನಿಯಮ. ಇಷ್ಟು ಸಾಕು.

ಅಜ್ಜಿಯ ಚಿಂತೆ ಹಣದ್ದಲ್ಲ. "ಅಲ್ಲಿ ಹೋಗಿ ಯಾರ ಹತ್ತಿರ ಯಾವ ಮಾತಾಡುತ್ತಾಳೆ?" ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆ ಅವರ ಬಾಯಿಂದ ಬಂದದ್ದು ನಮಗೆ ವಿಚಿತ್ರವಾಗಿ ತೋರಿತು. ಮದುವೆಯಾಗಿ ಉಡುಪಿಯ ಕಡೆಯಿಂದ ಇಲ್ಲಿಗೆ ಬಂದಾಗ ಅವರಿಗೆ ಮಲಯಾಳದ ಒಂದು ಶಬ್ದವೂ ತಿಳಿದಿರಲಿಲ್ಲ. ತರಕಾರಿ ಅಂಗಡಿಯಲ್ಲಿ ಬೆರಳು ತೋರಿಸಿ, ಪೂರ್ಣತ್ರಯೀಶನ ಗುಡಿಯಲ್ಲಿ ಪಕ್ಕದವರ ಮಾತಿಗೆ ಕಿವಿಗೊಟ್ಟು ಕಲಿತರು. ಇಂದು ಅವರು ಮಲಯಾಳದಲ್ಲಿ ಜಗಳವಾಡಬಲ್ಲರು. ಜಗಳವಾಡುವಷ್ಟು ಬಂದರೆ ಭಾಷೆ ಬಂದಂತೆಯೇ ಎಂಬುದು ನಮ್ಮ ಅಭಿಪ್ರಾಯ. ನಿಮ್ಮಲ್ಲಿ ಅನೇಕರ ಮನೆಯ ಕಥೆಯೂ ಇದೇ ಅಲ್ಲವೇ?

ಹುಡುಗಿಯ ಸ್ಪ್ಯಾನಿಷ್ ಪುಸ್ತಕವನ್ನು ನಾವೂ ರಾತ್ರಿಯ ಊಟದ ಮೇಲೆ ತಿರುವಿಹಾಕುತ್ತಿದ್ದೇವೆ. ಅಲ್ಲಿ ಕಂಡದ್ದನ್ನು ಹೇಳದೆ ಇರಲಾರೆವು. ಮಲಯಾಳದಲ್ಲಿ ನಾನು, ನೀನು, ಅವಳು ಯಾರೇ ಮಾತನಾಡಲಿ, ಕ್ರಿಯಾಪದ 'ಸಂಸಾರಿಕ್ಕುನ್ನು' ಒಂದೇ. ಕನ್ನಡದಲ್ಲಿ ಹಾಗಲ್ಲ: ಮಾತಾಡುತ್ತೇನೆ, ಮಾತಾಡುತ್ತೀಯೆ, ಮಾತಾಡುತ್ತೇವೆ. ಸ್ಪ್ಯಾನಿಷ್‌ನಲ್ಲಿಯೂ ಆಬ್ಲೊ, ಆಬ್ಲಾಸ್, ಆಬ್ಲಾಮೊಸ್; ಕೊನೆ ಕೇಳಿದರೆ ಸಾಕು, ನಾನೋ ನೀನೋ ನಾವೋ ಎಂದು ತಿಳಿಯುತ್ತದೆ, ಬೇರೆ ಸರ್ವನಾಮ ಬೇಡ. ಅವಳ ಜೊತೆಯ ಮಲಯಾಳಿ ಗೆಳತಿಯರು ಬಾಯಿಪಾಠ ಮಾಡಿದ್ದು ಇವಳಿಗೆ ಅಡುಗೆಮನೆಯ ಕನ್ನಡದಿಂದಲೇ ದಕ್ಕಿತು. ಸಲಿಗೆಗೆ 'ತೂ', ಮರ್ಯಾದೆಗೆ 'ಉಸ್ತೆದ್' ಎಂಬ ಭೇದವೂ ನಮ್ಮ ನೀನು-ನೀವುಗಳ ಮನೆತನದ್ದೇ.

ಉಚ್ಚಾರಣೆಯಲ್ಲಿ ಮಾತ್ರ ಮಲಯಾಳದ ಸಾಲ ದೊಡ್ಡದು. ಸ್ಪೇನಿನವರು ತಮ್ಮ ದೇಶವನ್ನು 'ಎಸ್ಪಾಞ' ಎನ್ನುತ್ತಾರೆ. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತಿರುವ ಆ ಞಕಾರ ಇಲ್ಲಿಯ ಮಕ್ಕಳಿಗೆ ದಿನವೂ 'ಞಾನ್' ಎನ್ನುವಾಗ ನಾಲಗೆಯ ಮೇಲಿರುತ್ತದೆ. 'ಪೆರೊ' ಎಂದರೆ ಆದರೆ. ರಕಾರವನ್ನು ಒತ್ತಿ ಅದುರಿಸಿದರೆ ನಾಯಿ. ಹಳಗನ್ನಡದ ಱಕಾರವನ್ನು ನಾವು ಬಿಟ್ಟೆವು, ಮಲಯಾಳಿಗಳು ಉಳಿಸಿಕೊಂಡರು. ಧ್ವನಿ ಅದೇ ಅಲ್ಲದಿದ್ದರೂ ಎರಡು ರಕಾರಗಳ ನಡುವೆ ಅರ್ಥ ಬದಲಾಗುವುದು ಈ ಮಕ್ಕಳಿಗೆ ಹೊಸತಲ್ಲ. ಮೇಜಿಗೆ ಅಲ್ಲಿ 'ಮೇಸ' ಎನ್ನುತ್ತಾರೆ, ಅದು ಸ್ತ್ರೀಲಿಂಗ! ಇದನ್ನು ಕೇಳಿ ಅಜ್ಜಿ ಮೊದಲ ಬಾರಿಗೆ ನಕ್ಕರು.

ಮೆಣಸಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. 1492ರ ಆಗಸ್ಟಿನಲ್ಲಿ ಕೊಲಂಬಸನು ಸ್ಪೇನಿನಿಂದ ಹೊರಟದ್ದು ಇಂಡಿಯಾದ ದಾರಿ ಹುಡುಕಿಕೊಂಡು. ಸಿಕ್ಕಿದ್ದು ಅಮೆರಿಕ, ಅಲ್ಲಿಯ ಮೆಣಸಿನಕಾಯಿ. ಕಾಳುಮೆಣಸಿಗೆ 'ಪಿಮಿಯೆಂತ', ಕಾಯಿಗೆ 'ಪಿಮಿಯೆಂತೊ' ಎಂದು ಸ್ಪೇನಿನವರು ಹೆಸರಿಟ್ಟರು. ನಾವೂ ಮೆಣಸಿನ ಹೆಸರನ್ನೇ ಕಾಯಿಗೆ ಅಂಟಿಸಿದ್ದೇವೆ. ಮೆಣಸಿನ ಕೊಚ್ಚಿಗೆ 1500ರಲ್ಲಿ ಬಂದು ಸೇರಿದವರು ಪೋರ್ಚುಗೀಸರು. ಕೊಲಂಬಸ್ ಹೊರಟ ಅದೇ ತಿಂಗಳಲ್ಲಿ ನೆಬ್ರಿಹಾ ಎಂಬ ಪಂಡಿತನು ಬರೆದ ಸ್ಪ್ಯಾನಿಷ್ ಭಾಷೆಯ ಮೊದಲ ವ್ಯಾಕರಣವು ಸಲಮಾಂಕದಲ್ಲಿ ಅಚ್ಚಾಯಿತು. ನಮ್ಮ ಕೇಶಿರಾಜನ 'ಶಬ್ದಮಣಿದರ್ಪಣ' ಅದಕ್ಕಿಂತ ಇನ್ನೂರು ವರ್ಷ ಹಿಂದಿನ ಹದಿಮೂರನೆಯ ಶತಮಾನದ್ದು. ಹೊಗಳಿಕೊಳ್ಳಲು ಹೇಳಿದ್ದಲ್ಲ, 1218ರಲ್ಲಿ ಸ್ಥಾಪನೆಯಾದ ಆ ವಿಶ್ವವಿದ್ಯಾಲಯದಲ್ಲಿ ಯಾರಾದರೂ ಕೇಳಿದರೆ ಹುಡುಗಿಗೆ ಉತ್ತರ ಬೇಕಲ್ಲ!

ಬಾರ್ಸೆಲೋನವನ್ನು ಏಕೆ ಆರಿಸಲಿಲ್ಲವೆಂದು ಕೆಲವರು ಕೇಳಿದರು. ಅಲ್ಲಿ ಅನೇಕ ಪಾಠಗಳು ಕತಲಾನ್ ಭಾಷೆಯಲ್ಲಿ ನಡೆಯುತ್ತವೆ. 1978ರ ಸ್ಪೇನ್ ಸಂವಿಧಾನದ ಪ್ರಕಾರ ಕಾಸ್ತಿಲಿಯನ್, ಎಂದರೆ ನಾವು ಸ್ಪ್ಯಾನಿಷ್ ಎನ್ನುವುದು, ಇಡೀ ದೇಶದ ಆಡಳಿತ ಭಾಷೆ; ಉಳಿದ ಭಾಷೆಗಳಿಗೆ ಆಯಾ ಪ್ರಾಂತದಲ್ಲಿ ಸ್ಥಾನವುಂಟು. 1956ರ ನವೆಂಬರ್ 1ರಂದು ಕೇರಳವೂ ನಮ್ಮ ರಾಜ್ಯವೂ ಒಂದೇ ದಿನ ಹುಟ್ಟಿ, ಕಾಸರಗೋಡು ಇತ್ತ ಉಳಿದದ್ದನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಮಾತು ಉಳಿದಿದೆ. ಇಲ್ಲಿಯ ಹಲವು ಮನೆಗಳ ಮಕ್ಕಳಂತೆ ಇವಳಿಗೂ ಕನ್ನಡ ಬಾಯಿಮಾತು ಮಾತ್ರ, ಅಕ್ಷರ ಬಾರದು. ಅಜ್ಜಿಗೆ ಬರೆಯಲು ಬರುವುದು ಕನ್ನಡ ಅಕ್ಷರ ಮಾತ್ರ. ಕಾಗದ ಬರೆದೇ ಬರೆಯುತ್ತೇನೆ, ಓದಿಕೊಳ್ಳುವುದು ಅವಳ ಪಾಡು ಎಂದು ಅವರು ಹಟ ಹಿಡಿದಿದ್ದಾರೆ. ಹೀಗಾಗಿ ದಸರೆಯಿಂದೀಚೆಗೆ ಅಜ್ಜಿ ಮೊಮ್ಮಗಳು ಸ್ಲೇಟು ಹಿಡಿದು ಕುಳಿತಿದ್ದಾರೆ. ಒತ್ತಕ್ಷರದವರೆಗೆ ಬಂದಿದೆ. 'ಸ್ತ್ರೀ' ಎಂಬಲ್ಲಿ ಇಬ್ಬರಿಗೂ ಸಿಟ್ಟು ಬರುತ್ತದೆ.

ಫೋನಿನ ವೇಳೆಯೂ ಬಹುಮಟ್ಟಿಗೆ ನಿಶ್ಚಯವಾಗಿದೆ. ಅಲ್ಲಿ ಮಧ್ಯಾಹ್ನದ ಊಟವೇ ಎರಡು ಗಂಟೆಯ ಮೇಲೆ. ಅವಳು ಊಟ ಮಾಡಿ ಎರಡೂವರೆಗೆ ಮಾತನಾಡಿದರೆ ಚಳಿಗಾಲದಲ್ಲಿ ಇಲ್ಲಿ ಸಂಜೆ ಏಳು. ಮಾರ್ಚ್ ಕೊನೆಯ ಭಾನುವಾರ ಅಲ್ಲಿಯ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಆಗ ಇಲ್ಲಿ ಆರು ಗಂಟೆಯಾಗುತ್ತದೆ. ದೀಪ ಹಚ್ಚುವ ಹೊತ್ತಿನಲ್ಲಿ ಫೋನು ಹಿಡಿಯುವುದಿಲ್ಲವೆಂದು ಅಜ್ಜಿ ಹೇಳಿಬಿಟ್ಟಿದ್ದಾರೆ. ಆ ವಿಷಯದಲ್ಲಿ ಮನೆಯಲ್ಲಿ ಇನ್ನೂ ಮಾತುಕತೆ ನಡೆಯುತ್ತಿದೆ.