ಭಾನುವಾರದ ಚುಟ್ಟ

ಹವ್ಯಾಸವೊಂದನ್ನು ಕುರಿತು ಮಾತನಾಡಬೇಕೆಂದು ಬಾನುಲಿಯ ಮಿತ್ರರು ಕೇಳಿದಾಗ ನಾನು ತುಸು ಸಂಕೋಚದಿಂದಲೇ ಒಪ್ಪಿಕೊಂಡೆ. ನಿವೃತ್ತನಾದ ಕನ್ನಡ ಅಧ್ಯಾಪಕನಿಗೆ ಶೋಭಿಸುವ ಹವ್ಯಾಸಗಳೆಂದರೆ ತಾಳೆಗರಿಗಳನ್ನು ಓದುವುದು, ಶಾಸನಗಳ ಪಡಿಯಚ್ಚು ತೆಗೆಯುವುದು, ಇಲ್ಲವೇ ಹಿತ್ತಿಲಲ್ಲಿ ನಾಲ್ಕು ಗುಲಾಬಿ ಗಿಡ ಬೆಳೆಸುವುದು. ನನ್ನದು ಇವುಗಳಲ್ಲಿ ಯಾವುದೂ ಅಲ್ಲ. 1998ರಿಂದ ಹದಿನೈದು ವರ್ಷಗಳ ಕಾಲ, ಪ್ರತಿ ಭಾನುವಾರ ಸಂಜೆ, ನಾನು ಒಂದು ಚುಟ್ಟ ಸೇದುತ್ತಿದ್ದೆ. ವಾರಕ್ಕೆ ಒಂದೇ ಒಂದು. ಈಗ ಬಿಟ್ಟಿದ್ದೇನೆ. ಆದ್ದರಿಂದ ಈ ಮಾತುಗಳನ್ನು ಬಿಟ್ಟವನು ಒಪ್ಪಿಸುವ ಲೆಕ್ಕವೆಂದು ತಿಳಿಯಬೇಕಾಗಿ ಪ್ರಾರ್ಥನೆ.

ಭಾಷೆಯ ಮೇಷ್ಟರಾದ ತಪ್ಪಿಗೆ ಮೊದಲು ಶಬ್ದದಿಂದಲೇ ತೊಡಗುತ್ತೇನೆ. ಇಂಗ್ಲಿಷರು ‘ಚಿರೂಟ್’ ಎಂದು ಕರೆಯುವುದು ತಮಿಳಿನ ‘ಸುರುಟ್ಟು’ ಎಂಬ ಮಾತನ್ನೇ. ನಮ್ಮ ‘ಸುರುಟು’, ‘ಸುರುಳಿ’ಗಳು ಅದರ ದಾಯಾದಿಗಳು. ಶಬ್ದ ನಮ್ಮದಾದರೂ ಸೊಪ್ಪು ನಮ್ಮದಲ್ಲ. 1492ರಲ್ಲಿ ಕೊಲಂಬಸನ ಜೊತೆಗಾರರು ಕ್ಯೂಬಾ ದ್ವೀಪದ ಮೂಲನಿವಾಸಿಗಳು ಎಲೆಸುರುಳಿಗೆ ಬೆಂಕಿ ಹಚ್ಚಿ ಹೊಗೆ ಎಳೆಯುವುದನ್ನು ಕಂಡು ಬೆರಗಾದರು. ಮುಂದೆ ನೂರು ಚಿಲ್ಲರೆ ವರ್ಷಗಳಲ್ಲಿ ಹೊಗೆಸೊಪ್ಪು ನಮ್ಮ ಬಿಜಾಪುರದವರೆಗೂ ಬಂದಿತ್ತು. ಅಕ್ಬರನ ರಾಯಭಾರಿಯಾಗಿ ಬಿಜಾಪುರಕ್ಕೆ ಬಂದ ಅಸದ್ ಬೇಗನು ಅಲ್ಲಿ ಇದನ್ನು ಮೊದಲ ಬಾರಿಗೆ ನೋಡಿ, ಒಂದಿಷ್ಟನ್ನು ಆಗ್ರಾದ ಆಸ್ಥಾನಕ್ಕೆ ಒಯ್ದು ಕಾಣಿಕೆಯಾಗಿ ಒಪ್ಪಿಸಿದನು. ಚಕ್ರವರ್ತಿ ಒಂದೆರಡು ದಮ್ಮು ಎಳೆಯುತ್ತಲೇ ವೈದ್ಯನು ತಡೆದನಂತೆ. ಹೊಗೆಗೂ ವೈದ್ಯರಿಗೂ ಇರುವ ಜಗಳ ಅಷ್ಟು ಹಳೆಯದು.

ನನ್ನ ಕೈಗೆ ಈ ಚುಟ್ಟ ಬಂದದ್ದು ಗುರುದಕ್ಷಿಣೆಯಾಗಿ. ವಿದೇಶದಲ್ಲಿ ಎಂಜಿನಿಯರಾಗಿದ್ದ ಹಳೆಯ ವಿದ್ಯಾರ್ಥಿಯೊಬ್ಬನು ರಜೆಗೆ ಬಂದಾಗ ಹವಾನಾದ ಇಪ್ಪತ್ತೈದು ಚುಟ್ಟಗಳ ಪೆಟ್ಟಿಗೆಯೊಂದನ್ನು ತಂದಿಟ್ಟು ಕಾಲಿಗೆರಗಿದ. ಬೇಡವೆನ್ನಲು ಬಾಯಿ ತೆರೆದೆ. ಪೆಟ್ಟಿಗೆ ತೆರೆದಾಗ ಬಂದ ಪರಿಮಳಕ್ಕೆ ಬಾಯಿ ಹಾಗೆಯೇ ಮುಚ್ಚಿತು. ಆ ಮೊದಲ ಪೆಟ್ಟಿಗೆ ದಕ್ಷಿಣೆ. ಆಮೇಲಿನವುಗಳಿಗೆಲ್ಲ ನಾನು ಹಟ ಹಿಡಿದು ಹಣ ಕೊಟ್ಟೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಒಳ್ಳೆಯ ಚುಟ್ಟವೆಂಬುದು ಮೂರು ಭಾಗಗಳ ರಚನೆ. ಒಳಗೆ ಹೂರಣದ ಎಲೆಗಳು, ಅವನ್ನು ಬಿಗಿಯುವ ಎಲೆಯೊಂದು, ಎಲ್ಲಕ್ಕೂ ಮೇಲೆ ಉಡುಗೆಯಂಥ ನುಣುಪಾದ ಎಲೆಯೊಂದು. ಗಿಡದ ತುದಿಯ ಎಲೆ ಖಾರ, ನಿಧಾನವಾಗಿ ಉರಿಯುವಂಥದು, ನಡುವಿನದು ಸುವಾಸನೆಗೆ, ಬುಡದ್ದು ಬೆಂಕಿ ಆರದಂತೆ ಕಾಯುವುದಕ್ಕೆ. ಉಡುಗೆಯ ಎಲೆಯನ್ನಂತೂ ತೆಳುಬಟ್ಟೆಯ ಚಪ್ಪರದ ನೆರಳಿನಲ್ಲಿ ಬೆಳೆಸುತ್ತಾರೆ. ಕ್ಯೂಬಾದ ಪಶ್ಚಿಮಕ್ಕಿರುವ ಪಿನಾರ್ ದೆಲ್ ರಿಯೊ ಪ್ರಾಂತದ ಕೆಮ್ಮಣ್ಣಿನ ಹೊಲಗಳು ಇದಕ್ಕೆ ಹೆಸರಾದವು. ಎಲೆಗಳನ್ನು ಕೊಟ್ಟಿಗೆಗಳಲ್ಲಿ ತೂಗುಹಾಕಿ ಐವತ್ತು ದಿನಗಳಷ್ಟು ಒಣಗಿಸಿ, ರಾಶಿ ಹಾಕಿ ತಮ್ಮ ಕಾವಿನಲ್ಲೇ ಹದವಾಗಲು ಬಿಟ್ಟು, ಆಮೇಲೆ ತಿಂಗಳು, ವರ್ಷಗಟ್ಟಲೆ ಮಾಗಿಸುತ್ತಾರೆ. ಕಟ್ಟುವವನ ಸಲಕರಣೆಯೋ ಒಂದು ಮರದ ಮಣೆ, ಒಂದು ಬಾಗಿದ ಅಲಗು, ಒಂದಿಷ್ಟು ಅಂಟು. ನುರಿತ ಕೈಯೂ ದಿನವೊಂದಕ್ಕೆ ಕಟ್ಟುವುದು ನೂರರ ಆಸುಪಾಸಿನಲ್ಲಿ.

ಕಾಪಾಡುವುದೂ ಒಂದು ವಿದ್ಯೆಯೇ. ಗಾಳಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ತೇವವಿರಬೇಕೆಂಬುದು ಬಲ್ಲವರ ಮಾತು. ನಾನಿದ್ದದ್ದು ಮಲೆನಾಡಿನ ಊರು. ಆಷಾಢದಲ್ಲಿ ಪುಸ್ತಕದ ಬೆನ್ನಿಗೆ ಬರುವ ಬೂಸಲು ಚುಟ್ಟಕ್ಕೂ ಬರುತ್ತಿತ್ತು. ಫಾಲ್ಗುಣದಲ್ಲಿ ಎಲೆ ಒಣಗಿ ಹಪ್ಪಳದಂತೆ ಮುರಿಯುತ್ತಿತ್ತು. ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟ, ಬೇಸಗೆಯಲ್ಲಿ ನೀರಿನ ಗಡಿಗೆಯ ಪಕ್ಕ, ಹೀಗೆ ಆ ಪೆಟ್ಟಿಗೆ ಹೆಣ್ಣು ಕೊಟ್ಟ ಮನೆಗೆ ಬಂದ ಮಾವನಂತೆ ಋತುವಿಗೊಂದು ಸ್ಥಾನ ಪಡೆಯುತ್ತಿತ್ತು. ಭಾನುವಾರ ಸಂಜೆ ಜಗಲಿಯಲ್ಲಿ ಕುಳಿತು, ಮೊದಲು ಅದರ ತೂಕ ನೋಡಿ, ಮೂಸಿ, ತುದಿ ಕತ್ತರಿಸಿ, ಬೆಂಕಿಯನ್ನು ತಾಗಿಸದೆ ದೂರದಿಂದ ಕಾಯಿಸಿ ಹಚ್ಚಬೇಕು. ಹೊಗೆಯನ್ನು ಎದೆಗಿಳಿಸುವಂತಿಲ್ಲ, ನಾಲಗೆಯ ಮೇಲೆ ಆಡಿಸಿ ಬಿಟ್ಟುಬಿಡಬೇಕು. ಒಂದು ಗಂಟೆ ಯಾರೂ ಏನನ್ನೂ ಕೇಳಬಾರದು. ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಆ ಒಂದು ಗಂಟೆಯೇ.

ಸಾಹಿತ್ಯದ ವಿದ್ಯಾರ್ಥಿಗೆ ಇದರ ನೆಂಟಸ್ತಿಕೆಗಳೂ ಬಹಳ. 1887ರಲ್ಲಿ ಪ್ರಕಟವಾದ ತನ್ನ ಮೊದಲ ಕಾದಂಬರಿಯಲ್ಲೇ ಷರ್ಲಾಕ್ ಹೋಮ್ಸ್, ನೆಲದ ಮೇಲಿನ ಬೂದಿಯನ್ನು ನೋಡಿ, ಕೊಲೆಗಾರ ಸೇದಿದ್ದು ನಮ್ಮ ತಿರುಚಿನಾಪಳ್ಳಿಯ ಚುಟ್ಟವೆಂದು ಹೇಳುತ್ತಾನೆ. ಅಮೆರಿಕದ ಅಧ್ಯಕ್ಷನಾಗಿದ್ದ ಜನರಲ್ ಗ್ರಾಂಟ್ ಚುಟ್ಟಪ್ರಿಯ. ಗಂಟಲಿನ ಅರ್ಬುದದಿಂದ ನರಳುತ್ತಾ, ಸಾಲದಲ್ಲಿದ್ದ ಸಂಸಾರಕ್ಕಾಗಿ ಆತ್ಮಕಥೆ ಬರೆದು ಮುಗಿಸಿ, ಕೆಲವೇ ದಿನಗಳಲ್ಲಿ, 1885ರ ಜುಲೈಯಲ್ಲಿ ತೀರಿಕೊಂಡ. ಅದನ್ನು ಪ್ರಕಟಿಸಿದ್ದು ಇನ್ನೊಬ್ಬ ಚುಟ್ಟಪ್ರಿಯ ಮಾರ್ಕ್ ಟ್ವೇನನ ಸಂಸ್ಥೆ. ಇಂಥ ಕಥೆಗಳನ್ನು ಗೆಳೆಯರಿಗೆ ಹೇಳುತ್ತಾ, ಹೊಗೆ ಬಿಡುತ್ತಾ, ನಾನು ನನ್ನನ್ನೇ ಒಬ್ಬ ರಸಿಕನೆಂದು ಬಗೆದಿದ್ದೆ.

2002ರ ಒಂದು ಭಾನುವಾರ ನನ್ನ ತಾಯಿ ನಮ್ಮ ಮನೆಯಲ್ಲಿದ್ದರು. ನಮ್ಮದು ದಕ್ಷಿಣ ಕನ್ನಡದ ಒಂದು ಹಳ್ಳಿ; ಮನೆಮಾತು ತುಳು. ತಂದೆ ಬೇಗ ತೀರಿಕೊಂಡಿದ್ದರಿಂದ ತಾಯಿ ಬೀಡಿ ಕಟ್ಟಿ ನಮ್ಮನ್ನು ಸಾಕಿದರು. ನನ್ನ ಎಂ.ಎ. ಪದವಿಯ ಪ್ರತಿಯೊಂದು ಅಕ್ಷರಕ್ಕೂ ಬೀಡಿಯ ಲೆಕ್ಕವಿದೆ. ಆ ದಿನ ಅವರು ನನ್ನ ಪೆಟ್ಟಿಗೆಯಿಂದ ಒಂದು ಚುಟ್ಟವನ್ನು ಎತ್ತಿಕೊಂಡು, ಕಣ್ಣಿನ ಹತ್ತಿರ ಹಿಡಿದು, ಬೆರಳುಗಳ ನಡುವೆ ಮೆಲ್ಲಗೆ ಹೊರಳಿಸಿ ನೋಡಿದರು. ನಾನು ನಾಲ್ಕು ವರ್ಷಗಳಲ್ಲಿ ಹಾಗೆ ನೋಡಿರಲಿಲ್ಲ. ನಾನು ನೋಡುತ್ತಿದ್ದದ್ದು ಸೇದುವವನ ಕಣ್ಣಿನಿಂದ. ಅವರು ನೋಡಿದ್ದು ಕಟ್ಟುವವರ ಕಣ್ಣಿನಿಂದ.

“ಇದನ್ನು ಕಟ್ಟಿದವನ ಕೈ ಒಳ್ಳೆಯದುಂಟು ಮಗಾ. ಎಲೆಯ ಒಂದು ಮಡಿಕೆಯೂ ತಪ್ಪಿಲ್ಲ,” ಎಂದರು. ಆಮೇಲೆ, “ಒಂದಕ್ಕೆ ಎಷ್ಟು?” ಎಂದು ಕೇಳಿದರು.

“ಇಪ್ಪತ್ತು ರೂಪಾಯಿ, ಅಮ್ಮ,” ಎಂದೆ.

ಅದು ಸುಳ್ಳು. ನಾನು ಹಟ ಹಿಡಿದು ಕೊಡುತ್ತಿದ್ದ ಹಣದಲ್ಲಿ, ಆ ಒಂದು ಚುಟ್ಟದ ಬೆಲೆ, ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅವರು ತಿಂಗಳಿಡೀ ಕಟ್ಟಿದ ಬೀಡಿಯ ಮಜೂರಿಗಿಂತ ಎಷ್ಟೋ ಪಾಲು ಹೆಚ್ಚಾಗುತ್ತಿತ್ತು. ಇಪ್ಪತ್ತು ಎಂದದ್ದಕ್ಕೇ ಅವರು ಬೆಚ್ಚಿದರು. ಸ್ವಲ್ಪ ಹೊತ್ತು ಬಿಟ್ಟು, “ಕಟ್ಟಿದವನಿಗೆ ಅದರಲ್ಲಿ ಎಷ್ಟು ಸಿಗ್ತದೆ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರು ಚುಟ್ಟವನ್ನು ಇದ್ದ ಸಾಲಿನಲ್ಲೇ ನೇರವಾಗಿ ಇಟ್ಟು ಒಳಗೆ ಹೋದರು.

ಆ ಪ್ರಶ್ನೆಯ ಬೆನ್ನು ಹತ್ತಿ ನಾನು ಹವಾನಾದ ಕಾರ್ಖಾನೆಗಳ ಚರಿತ್ರೆಯನ್ನು ಓದತೊಡಗಿದೆ. ಅಲ್ಲಿ ನನಗೆ ಎದುರಾದದ್ದು ಒಂದು ವಿಚಿತ್ರವಾದ ಉದ್ಯೋಗ. 1865ರಲ್ಲಿ ಹವಾನಾದ ‘ಎಲ್ ಫೀಗಾರೊ’ ಎಂಬ ಕಾರ್ಖಾನೆಯಲ್ಲಿ, ಕೆಲಸಗಾರರು ಚುಟ್ಟ ಕಟ್ಟುತ್ತಿರುವಾಗ ಒಬ್ಬನು ಗಟ್ಟಿಯಾಗಿ ಪುಸ್ತಕ ಓದುವ ಪದ್ಧತಿ ಪ್ರಾರಂಭವಾಯಿತು. ಓದುವವನ ಸಂಬಳವನ್ನು ಕೆಲಸಗಾರರೇ ತಮ್ಮ ಕೂಲಿಯಿಂದ ಕೂಡಿಸಿ ಕೊಡುತ್ತಿದ್ದರು. ವೃತ್ತಪತ್ರಿಕೆಯಾಯಿತು, ಕಾದಂಬರಿಯಾಯಿತು, ಯಾವ ಪುಸ್ತಕವೆಂಬುದನ್ನು ಅವರೇ ತೀರ್ಮಾನಿಸುತ್ತಿದ್ದರು. ಮರುವರ್ಷವೇ ಸ್ಪೇನಿನ ಆಡಳಿತವು ಇದನ್ನು ನಿಷೇಧಿಸಿತು. ಕೇಳುವ ಕಿವಿ ನಾಳೆ ಪ್ರಶ್ನಿಸುವ ಬಾಯಿಯಾಗುತ್ತದೆಂಬುದು ಎಲ್ಲ ಸರ್ಕಾರಗಳಿಗೂ ಗೊತ್ತು. ಆದರೂ ಪದ್ಧತಿ ಅಳಿಯಲಿಲ್ಲ. ಕೆಲಸಗಾರರ ಜೊತೆಯಲ್ಲೇ ಕಡಲು ದಾಟಿ ಫ್ಲಾರಿಡಾದ ಟ್ಯಾಂಪಾ ನಗರಕ್ಕೂ ಹೋಯಿತು. ‘ಮಾಂಟೆಕ್ರಿಸ್ಟೊ’ ಎಂಬ ಹೆಸರಾಂತ ಚುಟ್ಟಕ್ಕೆ ಆ ಹೆಸರು ಬಂದದ್ದು, ಕಟ್ಟುವವರು ಮತ್ತೆ ಮತ್ತೆ ಓದಿಸಿಕೊಳ್ಳುತ್ತಿದ್ದ ಡ್ಯೂಮಾನ ಕಾದಂಬರಿಯಿಂದ ಎಂದು ಪ್ರತೀತಿ. ಓದು ಮೆಚ್ಚಿಗೆಯಾದರೆ ಅವರು ಚಪ್ಪಾಳೆ ತಟ್ಟುವುದಿಲ್ಲ. ಕೈಯಲ್ಲಿರುವ ಅಲಗಿನಿಂದ ಮಣೆಯನ್ನು ಕುಟ್ಟುತ್ತಾರೆ. 2012ರಲ್ಲಿ ಕ್ಯೂಬಾ ಸರ್ಕಾರ ಈ ಓದುವಿಕೆಯನ್ನು ರಾಷ್ಟ್ರದ ಸಾಂಸ್ಕೃತಿಕ ಪರಂಪರೆಯೆಂದು ಘೋಷಿಸಿತು.

ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕುಳಿತೆ. ಏಕೆಂದರೆ ಆ ಉದ್ಯೋಗವನ್ನು ನಾನೂ ಮಾಡಿದ್ದೆ. ಹತ್ತು ಹನ್ನೆರಡರ ಪ್ರಾಯದಲ್ಲಿ, ಶಾಲೆ ಬಿಟ್ಟ ಮೇಲೆ, ನಮ್ಮ ಜಗಲಿಯಲ್ಲಿ ತಾಯಿಯೂ ನೆರೆಹೊರೆಯ ನಾಲ್ಕೈದು ಹೆಂಗಸರೂ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರೆ, ನಾನು ಶಾಲೆಯ ಲೈಬ್ರರಿಯಿಂದ ತಂದ ತ್ರಿವೇಣಿಯವರ, ಕಾರಂತರ ಕಾದಂಬರಿಗಳನ್ನು ಗಟ್ಟಿಯಾಗಿ ಓದುತ್ತಿದ್ದೆ. ಅವರಾರಿಗೂ ಓದಲು ಬರುತ್ತಿರಲಿಲ್ಲ. ಕನ್ನಡದ್ದನ್ನು ಕೇಳಿ ತುಳುವಿನಲ್ಲಿ ಚರ್ಚಿಸುತ್ತಿದ್ದರು. ಎಲೆಯನ್ನು ತಗಡಿನ ಅಳತೆಗೆ ಕತ್ತರಿಸುವ ಕತ್ತರಿಗಳ ಸದ್ದು ನನ್ನ ಓದಿಗೆ ತಾಳ. ಕಥೆ ಬಿಗಿಯಾದಾಗ ಆ ಸದ್ದು ನಿಧಾನವಾಗುತ್ತಿತ್ತು. ದುಃಖದ ಸನ್ನಿವೇಶದಲ್ಲಿ ನಿಂತೇಹೋಗುತ್ತಿತ್ತು. ಆಗ ತಾಯಿ, “ಬೇಗ ಓದು ಮಗಾ, ಕೈ ನಿಲ್ತದೆ,” ಎನ್ನುತ್ತಿದ್ದರು. ಸಂಜೆ ಲೆಕ್ಕ ಕಡಮೆಯಾದರೆ, ಅಥವಾ ಬೀಡಿ ಸರಿಯಿಲ್ಲವೆಂದು ಒಪ್ಪಿಸಿದಲ್ಲಿ ಹಿಡಿಗಟ್ಟಲೆ ತೆಗೆದುಹಾಕಿದರೆ, ಮಜೂರಿ ಮುರಿಯುತ್ತಿತ್ತು. ಒಂದು ಕಣ್ಣೀರಿಗೆ ಎಷ್ಟು ಬೀಡಿ ನಷ್ಟವೆಂಬುದು ಆ ಹೆಂಗಸರಿಗೆ ಗೊತ್ತಿತ್ತು. ಕಾವ್ಯಮೀಮಾಂಸೆಯನ್ನು ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಸಹೃದಯ ಎಂದರೆ ಯಾರೆಂದು ನನಗೆ ಕಲಿಸಿದ್ದು ಆ ಕತ್ತರಿಗಳು.

ತಾಯಿಗೆ ಇದನ್ನೆಲ್ಲ ಹೇಳಿದೆ. ಮಣೆ ಕುಟ್ಟುವ ಸಂಗತಿ ಕೇಳಿ ಬಹಳ ನಕ್ಕರು. ಆ ಇಪ್ಪತ್ತು ರೂಪಾಯಿಯ ಸುಳ್ಳನ್ನು ಮಾತ್ರ ತಿದ್ದಲಿಲ್ಲ. 2009ರಲ್ಲಿ ಅವರು ತೀರಿಕೊಂಡರು. ಏಳು ವರ್ಷ ಅವಕಾಶವಿತ್ತು. ಜೀವಮಾನವಿಡೀ ಹೊಗೆಸೊಪ್ಪಿನ ಧೂಳು ಕುಡಿದ ಎದೆಯ ಕೆಮ್ಮು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಒಂದು ಬೀಡಿಯನ್ನೂ ಅವರು ಸೇದಿದವರಲ್ಲ.

2013ರಲ್ಲಿ ಹಲ್ಲಿನ ವೈದ್ಯರು ನನ್ನ ಕೆನ್ನೆಯ ಒಳಗೆ ಒಂದು ಬಿಳಿಯ ಮಚ್ಚೆಯನ್ನು ಕಂಡರು. ಎದೆಗೆ ಹೊಗೆ ಇಳಿಸಿಲ್ಲ, ವಾರಕ್ಕೆ ಒಂದೇ, ಎಂದು ನಾನು ವಾದ ಹೂಡಿದೆ. “ಬಾಯಿಗೆ ಆ ಲೆಕ್ಕ ಗೊತ್ತಿಲ್ಲ ಮೇಷ್ಟ್ರೇ,” ಎಂದರು. ಮನಶ್ಶಾಸ್ತ್ರಜ್ಞ ಫ್ರಾಯ್ಡನಿಗೆ 1923ರಲ್ಲಿ ಬಾಯಿಯ ಅರ್ಬುದ ತಗುಲಿ, ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದರೂ ಚುಟ್ಟ ಬಿಡಲಾಗಲಿಲ್ಲವೆಂದು ಓದಿದ್ದೆ. ಮನಸ್ಸನ್ನು ಅಷ್ಟು ಬಲ್ಲವನ ಗತಿಯೇ ಹಾಗಾದಾಗ ನನ್ನ ಪಾಡೇನು? ಅಂದೇ ನಿಲ್ಲಿಸಿದೆ. ಮಚ್ಚೆ ಮಾಯವಾಯಿತು. ಭಾನುವಾರದ ಒಂದು ಗಂಟೆ ಉಳಿಯಿತು. ಆ ಹೊತ್ತಿನಲ್ಲಿ ಈಗ ನಮ್ಮ ಬೀದಿಯ ಕಣ್ಣು ಮಂಜಾದ ಹಿರಿಯರೊಬ್ಬರಿಗೆ ಕಾದಂಬರಿ ಓದಿ ಹೇಳುತ್ತೇನೆ. ಖಾಲಿ ಪೆಟ್ಟಿಗೆಯಲ್ಲಿ ತಾಯಿಯ ಕತ್ತರಿಯೂ ಆ ತಗಡಿನ ತುಂಡೂ ಇವೆ. ಎರಡು ದೇಶಗಳ ಹೊಗೆಸೊಪ್ಪಿನ ವಾಸನೆ ಅಲ್ಲಿ ಒಂದಾಗಿದೆ.

ಕೊನೆಯದಾಗಿ ಒಂದು ಮಾತು. 1931ರಲ್ಲಿ ಟ್ಯಾಂಪಾದ ಕಾರ್ಖಾನೆಗಳ ಒಡೆಯರು ಓದುವವರನ್ನು ಹೊರಹಾಕಿ ಅವರ ಜಾಗದಲ್ಲಿ ರೇಡಿಯೋ ಇಟ್ಟರು. ಆ ದೃಷ್ಟಿಯಿಂದ ಈಗ ನಾನು ಮಾತನಾಡುತ್ತಿರುವುದು ನನ್ನದೇ ಕುಲಬಾಂಧವರನ್ನು ಎಬ್ಬಿಸಿದ ಪೀಠದಿಂದ. ಆದರೂ, ಈ ಹೊತ್ತಿಗೆ ನಿಮ್ಮಲ್ಲಿ ಯಾರಾದರೂ ಹೂ ಕಟ್ಟುತ್ತಲೋ, ಅಕ್ಕಿ ಆರಿಸುತ್ತಲೋ, ಬೀಡಿ ಸುರುಟುತ್ತಲೋ ಇದನ್ನು ಕೇಳಿದ್ದರೆ, ನಿಮ್ಮ ಕೆಲಸ ನನ್ನಿಂದ ಕೆಡಲಿಲ್ಲವೆಂದು ನಂಬುತ್ತೇನೆ. ಮಾತು ಹಿಡಿಸಿದ್ದರೆ ಕತ್ತರಿಯಿಂದ ಒಮ್ಮೆ ಮಣೆಯನ್ನು ತಟ್ಟಿಬಿಡಿ.